ಮೂರು ಗಂಟೆಯ ಗುವಾಹಟಿ

ದಿನ ತುಂಬುವ ಮೊದಲೇ ತಂಗಿಗೆ ಹೆರಿಗೆಯಾಯಿತೆಂದು ಗುವಾಹಟಿಯಿಂದ ಫೋನ್ ಬಂದಾಗ ನಾನು ಕಣಕಟ್ಟೆಯ ನಮ್ಮ ಮನೆಯಲ್ಲಿ ರಾಗಿ ಕೇರುತ್ತಿದ್ದೆ. ಮಾತಾಡಿದವಳು ಅವಳ ಪಕ್ಕದ ಮನೆಯ ಕನ್ನಡದ ಹೆಂಗಸು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ತಾಯಿಗೆ ಎದ್ದು ಕೂರಲೂ ಆಗುತ್ತಿಲ್ಲ ಎಂದಳು. ತಂಗಿಯ ಗಂಡ ಸೈನ್ಯದಲ್ಲಿದ್ದಾನೆ. ಆಗ ಗಡಿಯ ಕಡೆ ಹೋಗಿದ್ದ, ರಜೆ ಸಿಕ್ಕಿರಲಿಲ್ಲ. ನಮ್ಮ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಬಾಣಂತನಕ್ಕೆ ಉಳಿದವಳು ನಾನೊಬ್ಬಳೇ.

ನಮ್ಮ ಯಜಮಾನರಿಗೆ ಒಕ್ಕಣೆ ಬಿಟ್ಟು ಬರುವ ಹಾಗಿರಲಿಲ್ಲ. ನಾನೋ, ಒಬ್ಬಳೇ ಬೇಲೂರು ದಾಟಿ ಹೋದವಳಲ್ಲ. ಅರಸೀಕೆರೆಯಲ್ಲಿ ಟಿಕೆಟ್ ಮಾಡಿಕೊಡುವವರ ಹತ್ತಿರ ವಿಚಾರಿಸಿದೆ. ರೈಲು ಸುತ್ತಿಕೊಂಡು ಹೋಗುವುದರಿಂದ ಮೂರು ದಿನ ಹಿಡಿಯುತ್ತದೆ; ವಿಮಾನ ಸಮುದ್ರದ ಮೇಲೆ ನೇರ ಹೋಗುತ್ತದೆ, ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರ್ ಚಿಲ್ಲರೆ, ಮೂರು ಗಂಟೆ ಸಾಕು ಎಂದರು. ಮಾರನೆಯ ದಿನದ್ದೇ ಮಾಡಿಸಿದೆ.

ಸಂಜೆ ಯಜಮಾನರ ಅಣ್ಣ, ನಮ್ಮ ಭಾವ ತಡೆದರು. "ಹೆಂಗಸು ಒಬ್ಬಳೇ ಹೋಗಿ ದಾರಿ ತಪ್ಪಿದ್ರೆ ಯಾರವ್ವ ಹುಡುಕೋದು?"

"ಓದೋಕೆ ಬತ್ತದೆ, ಕೇಳೋಕೆ ಬಾಯೈತೆ ಭಾವ. ನಾಳೆ ಹೋಯ್ತೀನಿ" ಎಂದೆ. ಅವರೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಬೆಳಗಿನ ಮೊದಲ ಬಸ್ಸು, ಅರಸೀಕೆರೆಯಿಂದ ರೈಲು, ಬೆಂಗಳೂರಿನಲ್ಲಿ ಮತ್ತೆ ಬಸ್ಸು. ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಆರು ಗಂಟೆ ಹಿಡಿಯಿತು. ಅಲ್ಲಿ ನನ್ನ ಚೀಲ ಬಿಚ್ಚಿಸಿದರು. ಬಾಣಂತಿಗೆಂದು ತಂದಿದ್ದ ಕೊಬ್ಬರಿ ಗಿಟುಕುಗಳನ್ನು ಹೊರಗಿಟ್ಟು, ಎಣ್ಣೆಯಂಶದಿಂದ ಬೆಂಕಿ ಹತ್ತಬಹುದು, ಬಿಡಲಾಗದು ಎಂದರು. ನಮ್ಮ ತೋಟದ ಕೊಬ್ಬರಿ ಅದು. ಆದರೆ ಜಗಳಕ್ಕೆ ನಿಂತರೆ ವಿಮಾನ ಕಾಯುವುದಿಲ್ಲ. ಅವನ್ನು ಅಲ್ಲೇ ಬಿಟ್ಟು, ರಾಗಿಹಿಟ್ಟಿನ ಗಂಟನ್ನು ಬಿಗಿಯಾಗಿ ಕಟ್ಟಿ ಮುಂದೆ ನಡೆದೆ.

ವಿಮಾನ ಮೇಲೇರುವಾಗ ಕಿವಿ ಮುಚ್ಚಿಹೋಯಿತು. ಪಕ್ಕದ ಹೆಂಗಸಿನ ಭಾಷೆ ನನಗೆ ಬಾರದು. ಆಕೆ ಎಂಜಲು ನುಂಗುವಂತೆ ಸನ್ನೆ ಮಾಡಿ ತೋರಿಸಿದಳು. ಹಾಗೇ ಮಾಡಿದೆ. ಮೂರು ಗಂಟೆಯಲ್ಲಿ ನಿಜವಾಗಿಯೂ ಇಳಿದೆವು. ಗಡಿಯಾರದಲ್ಲಿ ಇನ್ನೂ ಐದೂವರೆ, ಹೊರಗೆ ಆಗಲೇ ಕತ್ತಲು. ಆ ಸೀಮೆಯಲ್ಲಿ ಹೊತ್ತು ಬೇಗ ಮುಳುಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಬರೆದಿಟ್ಟುಕೊಂಡಿದ್ದ ಆಸ್ಪತ್ರೆಯ ವಿಳಾಸವನ್ನು ಟ್ಯಾಕ್ಸಿಯವನಿಗೆ ತೋರಿಸಿ, ಮುಟ್ಟುವವರೆಗೂ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದೆ.

ಆಸ್ಪತ್ರೆಯಲ್ಲಿ ತಂಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೆಗಲು ಮುಟ್ಟಿದೆ. "ಅಕ್ಕಾ, ಎಂಗ್ ಬಂದೆ?" ಎಂದು ನನ್ನ ಕೈ ಹಿಡಿದು ಅತ್ತಳು. ಅಳಲು ಬಿಟ್ಟೆ. ಆಮೇಲೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ತಲೆ ಬಾಚಿದೆ.

ಹದಿನೆಂಟನೇ ದಿನ ಮಗುವನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಕೈಗೆ ಕೊಟ್ಟರು. ಮೂರು ತಿಂಗಳು ಅಲ್ಲೇ ಇದ್ದು ಇಬ್ಬರಿಗೂ ಎಣ್ಣೆನೀರು ಹಾಕಿದೆ.