ಮಗಳ ತಲೆಯ ಮೇಲಿನ ಆಣೆ

ಕುಡಿಯುವುದನ್ನು ಬಿಟ್ಟವನಿಗೆ ನಮ್ಮ ಕೊಟ್ಟೂರಿನಲ್ಲಿ ಸಿಗುವ ಮರ್ಯಾದೆ ನೋಡಬೇಕು. ನನಗೂ ಸಿಕ್ಕಿತು. ಗುಡಿಯ ಅಂಗಳದಲ್ಲಿ ನಾಲ್ಕು ಜನ ಹಿರಿಯರ ಎದುರು, ಹತ್ತು ವರ್ಷದ ಮಗಳ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿದೆ. ಮಾತು ತಪ್ಪಿದರೆ ಮಗಳ ಜೀವಕ್ಕೇ ತಟ್ಟುತ್ತದೆ ಅನ್ನುವುದು ನಮ್ಮವರ ನಂಬಿಕೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ನನ್ನನ್ನೇ ನೋಡುತ್ತಿದ್ದಳು.

ಅದಕ್ಕೂ ಮೊದಲು ಕುಡಿತ ಬಿಡಿಸಿಕೊಳ್ಳಲು ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ದರು: ಕುಡಿತ ಒಂದು, ನಿಮ್ಮ ಈ ಸಿಟ್ಟು ಬೇರೆಯೇ ಒಂದು. ಅದು ವ್ಯಕ್ತಿತ್ವದ ತೊಂದರೆ, ಹದಿನೈದು ದಿನಕ್ಕೊಮ್ಮೆ ಬಂದು ಕೂತು ಮಾತಾಡಬೇಕು, ಇಲ್ಲದಿದ್ದರೆ ಅದೇ ನಿಮ್ಮನ್ನು ಮತ್ತೆ ಕುಡಿತಕ್ಕೆ ಎಳೆಯುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡಸಿನ ಸಿಟ್ಟಿಗೂ ಕಾಯಿಲೆ ಅಂತ ಹೆಸರೇ? ನಮ್ಮಪ್ಪನಿಗೂ ಇತ್ತಲ್ಲ, ಅವನನ್ನು ಯಾರು ಆಸ್ಪತ್ರೆಗೆ ಹಾಕಿದ್ದರು? ಆಣೆಯೇ ಆದಮೇಲೆ ಆಸ್ಪತ್ರೆ ಯಾಕೆ ಅಂತ ಹಿರಿಯರೂ ಅಂದರು. ಈಗ ಹೋಗುತ್ತೇನೆ, ಅದು ಬೇರೆ ಮಾತು. ಆಗ ಹೋಗಲಿಲ್ಲ.

ಏಳು ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಹೆಂಡತಿಗೆ ಹೊಡೆಯುವುದನ್ನು ಮಾತ್ರ ಬಿಡಲಿಲ್ಲ. ಮೊದಲು ಅಮಲಿನಲ್ಲಿ ಹೊಡೆಯುತ್ತಿದ್ದೆ, ಅರ್ಧ ಏಟು ಗೋಡೆಗೆ ಬೀಳುತ್ತಿತ್ತು. ಈಗ ಒಂದೂ ತಪ್ಪುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಿಸಿ ಪಾತ್ರೆಯನ್ನೇ ಎಸೆದೆ, ಹೆಂಡತಿಯ ಮೊಣಕೈ ಸುಟ್ಟಿತು. ಫೋನ್ ಎತ್ತಲಿಲ್ಲವೆಂದು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದೆ. ಓಣಿಯವರು ಮಾತ್ರ ನಾನು ಭಾಳ ಚಲೋ ಆಗಿದ್ದೇನೆ ಅನ್ನುತ್ತಿದ್ದರು. ಥೂ, ನಾನೂ ಅದನ್ನೇ ನಂಬಿದ್ದೆ.

ಬಸ್‌ ಸ್ಟ್ಯಾಂಡಿನ ಹಿಂದೆ ನನ್ನದೊಂದು ವೆಲ್ಡಿಂಗ್ ಶೆಡ್ಡಿದೆ. ಒಂದು ಮಧ್ಯಾಹ್ನ ಹಿರೇಹಡಗಲಿಯ ರೈತನೊಬ್ಬ, ನಾನು ವೆಲ್ಡ್ ಮಾಡಿಕೊಟ್ಟ ಕುಂಟೆ ಮುರಿಯಿತೆಂದು ತಂದು ನನ್ನ ಕಾಲ ಬಳಿ ಬಿಸಾಕಿದ.

"ಕುಡ್ದು ವೆಲ್ಡಿಂಗ್ ಹೊಡ್ದೀಯೇನಲೇ?" ಅಂದ.

ಏಳು ತಿಂಗಳು ನಾಲಿಗೆ ಒಣಗಿಸಿಕೊಂಡು ಕೂತವನಿಗೆ ಆ ಮಾತು! ಕಬ್ಬಿಣದ ರಾಡು ಕೈಗೆ ಬಂದದ್ದು ಗೊತ್ತು. ಆಮೇಲೆ ಕೇಳಿಸಿದ್ದು ಅವನ ಭುಜದ ಮೂಳೆ ಮುರಿದ ಸದ್ದು. ಅಕ್ಕಪಕ್ಕದ ಅಂಗಡಿಯವರು ನನ್ನನ್ನು ಹಿಡಿದೆಳೆದು, ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದರು. ಹೇಗೂ ಕುಡುಕ ಅನ್ನಿಸಿಕೊಂಡೆನಲ್ಲ, ಕುಡಿದೇ ಬಿಡೋಣ ಅಂತ ಸೀದಾ ಬ್ರಾಂದಿ ಅಂಗಡಿಗೆ ಹೋದೆ.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿಯೂ ಏನೂ ಕೇಳಲಿಲ್ಲ. ಕೇಳಲಿಲ್ಲ ಅಂತಲೇ ಹೊಡೆದೆ. ತುಟಿ ಒಡೆದು ರಕ್ತ ಹಿಟ್ಟಿನ ಮೇಲೆ ಬಿತ್ತು. ತುರುಬು ಹಿಡಿದು ಒಲೆಯ ಕಡೆ ಎಳೆಯುವಾಗ ಮಗಳು ಶಾಲೆಯಿಂದ ಬಂದಳು. ಬ್ರಾಂದಿಯ ವಾಸನೆ ಅವಳ ಮೂಗಿಗೆ ಬಡಿಯಿತು. ಚೀಲ ಇಳಿಸಿ, ಯೂನಿಫಾರ್ಮಿನಲ್ಲೇ ಚಾಪೆ ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಯಪ್ಪಾ, ನಾ ಎಷ್ಟೊತ್ತಿಗೆ ಸಾಯ್ತೀನಿ?" ಅಂದಳು.

ತುರುಬು ಕೈಯಿಂದ ಜಾರಿತು. ಏನೂ ಆಗುವುದಿಲ್ಲ, ಆಣೆಗೀಣೆ ಎಲ್ಲ ಸುಳ್ಳು ಅಂದೆ. ಕಾಲು ಹಿಡಿದೆ, ಅತ್ತೆ. ನಂಬಲಿಲ್ಲ. ನೀರು ಸಹ ಬೇಡವೆಂದಳು. ಹೆಂಡತಿ ಅವಳನ್ನು ಅವುಚಿಕೊಂಡು ಮಲಗಿದಳು. ನಾನು ಹತ್ತಿರ ಹೋದರೆ ಇಬ್ಬರೂ ಗೋಡೆಯ ಕಡೆ ಸರಿಯುತ್ತಿದ್ದರು.

ಬೆಳಗಾದ ಮೇಲೆ ಮಗಳು ಎದ್ದು ಕೂತು, ಕೈಕಾಲು ಮುಟ್ಟಿ ನೋಡಿಕೊಂಡಳು. ಆಮೇಲೆ ಅವ್ವನ ಬಾತ ಮುಖ ನೋಡಿದಳು.

"ನಾ ಸಾಯ್ಲಿಲ್ಲ. ನೀ ಬೇಕಂದ್ರ ಕುಡಿ, ಯಪ್ಪಾ," ಅಂದಳು. "ಅವ್ವಗ ಹೊಡಿಬ್ಯಾಡ."

ಹೂಂ ಅಂದರೆ ಸಾಕಿತ್ತು. ಬಾಯಿಂದ ಬರಲಿಲ್ಲ. ಕುಡಿತ ಬಿಡುತ್ತೇನೆ ಅನ್ನಲು ನನಗೆ ಬರುತ್ತಿತ್ತು. ಈ ಹೊಡೆತ ಬಿಡುವುದು ನನ್ನ ಕೈಮೀರಿದ್ದು ಅಂತ ಆಗ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಅವ್ವನ ಕೈ ಹಿಡಿದು ಎಬ್ಬಿಸಿ, ಇಟ್ಟಿಗಿ ಊರಿನ ಅಜ್ಜಿಯ ಮನೆಗೆ ಕರೆದುಕೊಂಡು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.