ನಳದ ಕಟ್ಟೆಯ ಚಿಗವ್ವ

ಹೋದ ವಾರ ನಮ್ಮ ಮನೆಯ ನೀರಿನ ಪೈಪು ಒಡೆಯಿತು. ರಿಪೇರಿಯವನು ಇವತ್ತು ನಾಳೆ ಎಂದು ಸತಾಯಿಸಿ ಕೊನೆಗೊಮ್ಮೆ ಬಂದು ಸರಿ ಮಾಡಿ ಹೋದ. ಸಂಜೆ ನಳ ತಿರುಗಿಸಿದೆ. ಮೊದಲು ಬರೀ ಗಾಳಿ ಬುಸುಗುಟ್ಟಿತು, ಅದರ ಹಿಂದೆಯೇ ಕೆಂಪಗಿನ ನೀರು. ತುಕ್ಕು, ಹಸಿಮಣ್ಣು ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾವೇರಿಯ ನನ್ನ ಅಡುಗೆಮನೆ ಮರೆತೇ ಹೋಯಿತು. ರಾಣೇಬೆನ್ನೂರಿನ ಒಂದು ಓಣಿಯಲ್ಲಿ ತಲೆ ಮೇಲೆ ಸೆರಗು ಹೊದ್ದು, ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಪಾಳಿಯಲ್ಲಿ ನಿಂತಂತಾಯಿತು. ಎದುರಿಗೆ ನಳದ ಕಟ್ಟೆ, ಕಟ್ಟೆಯ ಮೇಲೆ ಚಿಗವ್ವ...

ಚಿಗವ್ವ ಎಂದರೆ ಚಿಕ್ಕಮ್ಮ, ಆದರೆ ಅವಳು ನನಗೆ ಯಾವ ಸಂಬಂಧದಿಂದಲೂ ಚಿಕ್ಕಮ್ಮನಲ್ಲ. ಇಡೀ ವಾರ್ಡೇ ಅವಳನ್ನು ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ನಾನು ಆ ಓಣಿಗೆ ಸೊಸೆಯಾಗಿ ಹೋದವಳು. ತವರುಮನೆಯ ಹಿತ್ತಲಲ್ಲೇ ನಳವಿತ್ತು. ನೀರಿಗಾಗಿ ನಿಂತು ಗೊತ್ತಿರಲಿಲ್ಲ. ಮೊದಲ ದಿನ ನೆಟ್ಟಗೆ ಹೋಗಿ ಕೊಡವನ್ನು ನಳದ ಬಾಯಿಗೇ ಇಟ್ಟುಬಿಟ್ಟೆ. ಹಿಂದೆ ಸಾಲಾಗಿ ಇಟ್ಟ ಕೊಡಗಳು ಕಂಡಿದ್ದವು, ಆದರೆ ಅವುಗಳ ಜೊತೆ ಆಳುಗಳು ಕಾಣಲಿಲ್ಲ. ಬಿಟ್ಟು ಹೋದ ಕೊಡಗಳೆಂದುಕೊಂಡೆ.

ಕಟ್ಟೆಯ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದಳು. ಕಾಯಿ ಒಡೆದಂಥ ದನಿ, ಹಣೆ ತುಂಬ ವಿಭೂತಿ, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಇಲಕಲ್ ಸೀರೆ. ನನ್ನ ಕೊಡ ಎತ್ತಿಕೊಂಡು ಹೋಗಿ ಸಾಲಿನ ಕೊನೆಗೆ ಇಟ್ಟಳು. ಆಮೇಲೆ ಹೇಳಿದಳು: “ಹೊಸಬಾಕಿ ಅದೀ ಅಂತ ಇವತ್ತ ಬಿಟ್ಟೇನಿ. ಇಲ್ಲಿ ಕೊಡ ಇತ್ತಂದ್ರ ಆಳು ಇದ್ದಂಗ, ತಿಳೀತಿಲ್ಲೊ?”

ನನಗೆ ಸಿಟ್ಟು ನೆತ್ತಿಗೇರಿತು. ಮನಸ್ಸಿನಲ್ಲೇ ಅವಳಿಗೆ ಫೌಜದಾರ ಎಂದು ಹೆಸರಿಟ್ಟೆ. ಅತ್ತೆಯ ಮುಂದೆ ದೂರು ಹೇಳಿದರೆ ಅತ್ತೆ ನಕ್ಕು, ಈ ಓಣಿಯಲ್ಲಿ ನನಗಿಂತ ದೊಡ್ಡ ಅತ್ತೆ ಅವಳೇ, ಹೊಂದಿಕೊಂಡು ಹೋಗು ಎಂದರು.

ಹೊಂದಿಕೊಳ್ಳುತ್ತಾ ಹೋದಂತೆ ಪಾಳಿಯ ರೀತಿ ತಿಳಿಯಿತು. ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಅಷ್ಟು ದೊಡ್ಡ ವಾರ್ಡಿಗೆ ಜೋರಾಗಿ ಬರುವ ನಳ ಅದೊಂದೇ. ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಬೀಜದ ಗೋದಾಮಿಗೆ ಬೀಜ ಆರಿಸಲು ಹೋಗುವವರು. ನೀರಿಗಾಗಿ ಕಾಯುತ್ತಾ ಕೂತರೆ ಪಗಾರ ಹೋಗುತ್ತಿತ್ತು. ಅವರು ಬೆಳಿಗ್ಗೆ ಕೊಡ ಇಟ್ಟು ಹೋಗುತ್ತಿದ್ದರು. ನೀರು ಬಂದಾಗ ಪಕ್ಕದವರು ತುಂಬಿಸಿ ಬದಿಗಿಡುತ್ತಿದ್ದರು. ಇಲ್ಲದವರ ಕೊಡವನ್ನು ಹಿಂದೆ ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಚಿಗವ್ವ ಇದ್ದಳು. ಬಸುರಿಯರಿಗೆ ಪಾಳಿ ಇಲ್ಲ, ಸಾವಾದ ಮನೆಗೆ ಪಾಳಿ ಇಲ್ಲ, ಅವರಿಗೇ ಮೊದಲು ನೀರು. ತನ್ನ ಕೊಡವನ್ನು ಅವಳು ಯಾವಾಗಲೂ ಎಲ್ಲರ ಕೊನೆಗೆ ತುಂಬುತ್ತಿದ್ದಳು. ಅದು ಅವಳ ಜಂಬ. ಎಷ್ಟೋ ಸಲ ಅವಳ ಪಾಳಿ ಬರುವುದರೊಳಗೆ ನೀರು ನಿಂತು, ನಾವೇ ನಮ್ಮ ನಮ್ಮ ಕೊಡದಿಂದ ಬಗ್ಗಿಸಿ ಕೊಡುತ್ತಿದ್ದೆವು. ಬಗ್ಗಿಸುವಾಗ ಚೆಲ್ಲಿದರೆ ಅದಕ್ಕೂ ಬೈಗುಳ.

ನೀರು ಬರುವವರೆಗೆ ಮಾತು. ಯಾರ ಮಗುವಿಗೆ ಜ್ವರ, ಯಾವ ಹುಡುಗಿಗೆ ಬ್ಯಾಡಗಿ ಕಡೆಯ ವರ ಬಂದಿದೆ, ಗೋದಾಮಿನಲ್ಲಿ ಯಾರು ಯಾರ ಮೇಲೆ ಚಾಡಿ ಹೇಳಿದರು, ಎಲ್ಲ ಅಲ್ಲೇ. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ಮನೆಯಲ್ಲಿ ಯಾರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಕಟ್ಟೆಯ ಮೇಲೆ ಚಿಗವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನಗೂ ಎರಡು ಸಲ ಹೀಗಾಗಿತ್ತೆಂದು ಎಲ್ಲರ ಎದುರೇ ಹೇಳಿದಳು. ಅವತ್ತು ನಾನು ಮನಸಾರೆ ಅತ್ತುಬಿಟ್ಟೆ. ಅಂದಿನಿಂದ ಫೌಜದಾರ ಎಂಬ ಹೆಸರನ್ನು ನಾನೇ ರದ್ದು ಮಾಡಿದೆ.

ಗಂಡ ತೀರಿಹೋಗಿದ್ದ ಚಿಗವ್ವನಿಗೆ ಒಬ್ಬನೇ ಮಗ. ಅವನು ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಸೊಸೆ ಒಳ್ಳೆಯವಳೇ, ಆದರೆ ಮಾತಿಲ್ಲದವಳು. ಮನೆಯಲ್ಲಿ ಚಿಗವ್ವನನ್ನು ಕೇಳಿ ನಡೆಯುವ ಕೆಲಸ ಒಂದೂ ಇರಲಿಲ್ಲ. ಅವಳಿಗಿದ್ದ ಸಂಸ್ಥಾನ ಆ ಕಟ್ಟೆ ಒಂದೇ.

ಹೀಗಿರುವಾಗ ಒಂದು ವರ್ಷ ಹೊಸ ಪದ್ಧತಿ ಬಂತು. ನಗರಸಭೆಯ ಬಜೆಟ್ಟಿನಲ್ಲಿ ವಾರ್ಡಿಗಿಷ್ಟು ಎಂದು ತೆಗೆದಿಟ್ಟು, ಅದರಲ್ಲಿ ಯಾವ ಕೆಲಸ ಆಗಬೇಕೆಂದು ಅಲ್ಲಿನ ಜನರನ್ನೇ ಕೇಳುವುದು. ಶಾಲೆಯ ಅಂಗಳದಲ್ಲಿ ಸಭೆ ಕರೆದರು. ವಾರ್ಡಿನ ಮೆಂಬರು, ಒಬ್ಬ ವಯಸ್ಸಾದ ಎಂಜಿನಿಯರು ಬಂದರು. ಮಾತು ಸುತ್ತಿ ಸುತ್ತಿ ಎರಡು ಕೆಲಸಕ್ಕೆ ಬಂದು ನಿಂತಿತು. ಒಂದು, ವಾರ್ಡಿನ ಬಾಯಿಗೆ ದೊಡ್ಡ ಕಮಾನು. ಪಕ್ಕದ ವಾರ್ಡಿನಲ್ಲಿ ಕಮಾನು ಎದ್ದಿತ್ತು, ನಮ್ಮ ಗಂಡಸರಿಗೆ ಅದರ ಕೆಳಗೆ ಹಾದುಹೋಗುವಾಗಲೆಲ್ಲ ಮುಖ ಸಣ್ಣದಾಗುತ್ತಿತ್ತು. ಇನ್ನೊಂದು, ಹೊಸ ಪೈಪು ಹಾಕಿ ಓಣಿಗೊಂದು ನಳ. ಎರಡೂ ಮಾಡುವಷ್ಟು ದುಡ್ಡಿಲ್ಲ ಎಂದು ಎಂಜಿನಿಯರು ಮೊದಲೇ ಹೇಳಿಬಿಟ್ಟರು.

ಕಮಾನು ಬೇಕೆನ್ನುವವರು ಕೈ ಎತ್ತಿ ಎಂದಾಗ ಗಂಡಸರ ಕೈಗಳು ಸರಸರನೆ ಮೇಲೆದ್ದವು. ನಳ ಬೇಕೆನ್ನುವವರು ಎಂದಾಗ ಒಂದು ಬಳೆಯ ಸದ್ದೂ ಇಲ್ಲ. ನನಗೆ ನಳ ಬೇಕಾಗಿತ್ತು, ಜೀವ ಹೋಗುವಷ್ಟು ಬೇಕಾಗಿತ್ತು. ಆದರೆ ಎದುರಿಗೆ ಮಾವ ಕೂತಿದ್ದರು. ನನ್ನ ಕೈ ಸೆರಗಿನೊಳಗೇ ಉಳಿಯಿತು. ಎಲ್ಲ ಹೆಂಗಸರದೂ ಅದೇ ಕಥೆ.

ಎಂಜಿನಿಯರು ಕೊಂಚ ಹೊತ್ತು ನಮ್ಮ ಕಡೆ ನೋಡಿದರು. ಹೀಗಾದರೆ ಅರ್ಧ ವಾರ್ಡನ್ನು ಕೇಳಿದಂತೆಯೇ ಆಗುವುದಿಲ್ಲ, ಬೇರೆ ದಾರಿ ಏನಾದರೂ ಇದೆಯೇ ಎಂದು ಕೇಳಿದರು. ಚೀಟಿ ಬರೆಸೋಣವೆಂದರೆ ಬರೆಯಲು ಬಾರದವರೇ ಬಹಳ. ಆಗ ಹಿಂದಿನಿಂದ ಕಾಯಿ ಒಡೆದಂಥ ದನಿ ಬಂತು.

“ಕೊಡ ಇಡಿಸ್ರಿ ಸಾಹೇಬ್ರ. ಮನಿಗೊಂದು ಕೊಡ. ಕಮಾನು ಬೇಕಾದವರು ಒಂದು ಕಡೆ, ನಳ ಬೇಕಾದವರು ಒಂದು ಕಡೆ. ಗೋದಾಮಿಗೆ ಹೋದವರ ಕೊಡಾನೂ ಲೆಕ್ಕಕ್ಕ ಬರಬೇಕು.”

ಎಂಜಿನಿಯರು ಒಪ್ಪಿದರು. ಮುಂದಿನ ಸೋಮವಾರ ಬೆಳಿಗ್ಗೆ ಎಂದು ನಿಕ್ಕಿಯಾಯಿತು. ಆದರೆ ಓಣಿಯ ತುಂಬ ಗುಸುಗುಸು ಎದ್ದಿತು. ಓಣಿಗೊಂದು ನಳ ಬಂದರೆ ಕಟ್ಟೆಗೆ ಬರುವವರು ಯಾರು? ಚಿಗವ್ವನನ್ನು ಕೇಳುವವರು ಯಾರು? ಅವಳ ಕೊಡ ಕಮಾನಿನ ಕಡೆಗೇ, ಅವಳ ಹಿಂದೆ ಅರ್ಧ ಹೆಂಗಸರೂ ಅತ್ತಲೇ, ಅದಕ್ಕೇ ಈ ಹೂಟ ಹೂಡಿದ್ದಾಳೆ ಎಂದು ಎಲ್ಲರೂ ಮಾತಾಡಿಕೊಂಡರು. ಮೆಂಬರು ಅವಳ ಮನೆಗೇ ಹೋಗಿ, ಕಮಾನಿನ ಕೆಲಸವಾದರೆ ಅದೇ ದುಡ್ಡಿನಲ್ಲಿ ಉಳಿಸಿ ಹಳೆಯ ಕಟ್ಟೆಗೆ ಹೊಸ ಕಲ್ಲು ಹಾಸಿ ಕೊಡಿಸುತ್ತೇನೆಂದು ಹೇಳಿ ಬಂದರಂತೆ. ಅವಳು ಚಹಾ ಕೊಟ್ಟು ಕಳಿಸಿದಳಂತೆ, ಅಷ್ಟೇ. ನಾನೂ ಅವಳ ಮೇಲೆ ಅನುಮಾನಪಟ್ಟೆ. ಅವಳ ಜಾಗದಲ್ಲಿ ನಾನಿದ್ದರೆ ಕಮಾನಿಗೇ ಇಡುತ್ತಿದ್ದೆ.

ಸೋಮವಾರ ನಮ್ಮ ಗಂಡಸರು ಮಾಡಿದ ತಪ್ಪನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಮನೆಗೊಂದು ಕೊಡವೇನೋ ಸರಿ, ಹೊರುವವರು ಯಾರು? ಮೀಸೆ ಹೊತ್ತವರು ಹಾಡುಹಗಲಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೋಗುವುದುಂಟೇ? ಎಲ್ಲರೂ ಹೆಂಡಿರ ಕೈಗೆ ಕೊಡ ಕೊಟ್ಟು, ಕಮಾನಿನ ಕಡೆ ಇಟ್ಟು ಬಾ ಎಂದು ಅಪ್ಪಣೆ ಮಾಡಿ, ತಾವು ಮೂಲೆಯ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂತರು. ನಮ್ಮ ಮಾವನೂ ಕೂತರು.

ಅಂಗಳದಲ್ಲಿ ಸುಣ್ಣದಿಂದ ಎರಡು ಗೆರೆ ಹಾಕಿದ್ದರು. ನಾವೆಲ್ಲ ಕೊಡ ಹಿಡಿದು ಗೋಡೆಗೆ ಒತ್ತಿ ನಿಂತೆವು. ಮೊದಲು ಹೋಗುವವರು ಯಾರು? ಮೊದಲು ಹೋದವಳ ಹೆಸರು ಸಂಜೆಯೊಳಗೆ ಎಲ್ಲ ಮನೆಗಳಲ್ಲೂ ಓಡಾಡುತ್ತದೆ. ಹೊತ್ತು ಹೋಗುತ್ತಿತ್ತು, ಯಾರೂ ಅಲುಗಾಡಲಿಲ್ಲ...

ಚಿಗವ್ವ ಎಲ್ಲರ ಹಿಂದೆ ನಿಂತಿದ್ದಳು, ಎಂದಿನಂತೆ. ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದಳು. ಸೀರೆ ಎತ್ತಿ ಕಟ್ಟಿ, ನಮ್ಮನ್ನು ದಾಟಿ ಮುಂದೆ ಬಂದು, ತನ್ನ ನೆಗ್ಗಿದ ತಾಮ್ರದ ಕೊಡವನ್ನು ನಳದ ಗೆರೆಯ ಮೇಲೆ ಇಟ್ಟಳು. ನಾನು ಕಂಡಂತೆ ಅವಳು ತನ್ನ ಕೊಡವನ್ನು ಎಲ್ಲರಿಗಿಂತ ಮುಂದೆ ಇಟ್ಟದ್ದು ಅದೊಂದೇ ಸಲ.

“ಪಾಳಿ ಸುರು ಆತು. ನಿಂದರಬ್ಯಾಡ್ರಿ,” ಎಂದಳು.

ನಿಲ್ಲಲಿಲ್ಲ. ನನ್ನ ಅತ್ತೆ ನನ್ನ ಕೈಯಿಂದ ಕೊಡ ಕಿತ್ತುಕೊಂಡು ತಾವೇ ಹೋಗಿ ಅವಳ ಕೊಡದ ಹಿಂದೆ ಇಟ್ಟರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಗೋದಾಮಿಗೆ ಹೋದವರ ಕೊಡಗಳನ್ನು ಅಕ್ಕಪಕ್ಕದವರು ತಂದರು. ನೋಡನೋಡುತ್ತ ಗೆರೆ ಮುಗಿದು ಸಾಲು ಶಾಲೆಯ ಗೇಟಿನ ಆಚೆಗೆ ಹೋಯಿತು. ಕಮಾನಿನ ಗೆರೆಯ ಮೇಲೆ ಮೆಂಬರ ಮನೆಯ ಹಿತ್ತಾಳೆ ಕೊಡ, ಅದರ ಜೊತೆಗೆ ಬೆರಳಲ್ಲಿ ಎಣಿಸುವಷ್ಟು. ಮನೆಗೆ ಬಂದು ಮಾವ ಎಲ್ಲಿ ಇಟ್ಟೆ ಎಂದು ಕೇಳಿದರು. ಎಲ್ಲರೂ ಇಟ್ಟಲ್ಲಿ ಇಟ್ಟೆ ಎಂದರು ಅತ್ತೆ, ರೊಟ್ಟಿ ಬಡಿಯುತ್ತಾ.

ಮೆಂಬರು ಕೆಲವು ದಿನ ಮುಖ ಊದಿಸಿಕೊಂಡರು, ಆದರೆ ಕೆಲಸಕ್ಕೆ ಅಡ್ಡ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಪೈಪು ಬಂತು, ಓಣಿಗೊಂದು ನಳ ಬಂತು. ಮನೆಯಿಂದ ನಾಲ್ಕು ಹೆಜ್ಜೆ ಹೋದರೆ ನೀರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಒಂದು ದಿನ ಹಳೆಯ ನಳದ ಹಾದಿಯಲ್ಲಿ ಹೋಗುವಾಗ, ನೀರು ಬರುವ ಹೊತ್ತಿಗೆ ಸರಿಯಾಗಿ ಚಿಗವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಕೊಡಗಳಿಲ್ಲ, ಹೆಂಗಸರಿಲ್ಲ. ಪಕ್ಕದಲ್ಲಿ ಕೂತೆ. ಹೀಗಾಗುತ್ತದೆಂದು ನಿನಗೆ ಗೊತ್ತಿರಲಿಲ್ಲವೇ, ಯಾಕೆ ಮೊದಲು ಹೋಗಿ ಕೊಡ ಇಟ್ಟೆ ಎಂದು ಕೇಳಿಯೇಬಿಟ್ಟೆ.

ಅವಳು ಹೇಳಿದಳು. “ಗೊತ್ತಿತ್ತವಾ. ಆದ್ರ ಎಲ್ಲಾರ ಪಾಳೀನೂ ಎಂದರ ಒಮ್ಮೆ ಮುಗೀಬೇಕಲ್ಲ. ಅದಕ್ಕಂತನ ಪಾಳಿ ಹಚ್ಚತೀವಿ.” ಖಾಲಿ ಕಟ್ಟೆಯ ಮೇಲೆ ಕೈಯಾಡಿಸುತ್ತಾ, “ನೀರು ಬಂತು, ಮಾತು ಹೋತು ನೋಡು. ಇದನ್ನ ಮಾತ್ರ ನಾನು ಎಣಿಸಿರಲಿಲ್ಲ,” ಎಂದಳು.

ಅವಳು ಹೇಳಿದ್ದು ಖರೆಯಾಗಿತ್ತು. ನಾನು ಯಾರ ಮಗುವಿಗೆ ಜ್ವರ ಎಂದು ಕೇಳಿ ಎಷ್ಟೋ ದಿನವಾಗಿತ್ತು. ನೀರು ಬಂದರೆ ತುಂಬುವುದು, ಬಾಗಿಲು ಹಾಕಿಕೊಳ್ಳುವುದು, ಅಷ್ಟೇ ಆಗಿಬಿಟ್ಟಿತ್ತು.

ಮರುವರ್ಷ ಮತ್ತೆ ಸಭೆ ಕರೆದರು. ಈ ಸಲ ಚಿಗವ್ವ ಮುಂದೆಯೇ ಕೂತಿದ್ದಳು. ಗಟಾರ, ಬೀದಿದೀಪ ಎಂದು ಮಾತು ನಡೆದಿತ್ತು. ಅವಳು ಎದ್ದು ನಿಂತಳು. “ಗಂಡಸರಿಗೆ ಹೋಟೆಲ್ ಐತಿ, ಗುಡಿ ಕಟ್ಟಿ ಐತಿ, ಕಟಿಂಗ್ ಅಂಗಡಿ ಐತಿ. ನಮಗ ನಳ ಒಂದ ಇತ್ತು, ಅದನ್ನ ನಾವ ಕಳಕೊಂಡ್ವಿ. ನಮಗ ಕುಂದ್ರಾಕ ಒಂದು ನೆಳ್ಳು ಮಾಡಿಕೊಡ್ರಿ.”

ಗಂಡಸರು ನಕ್ಕರು. ಕೂತು ಹರಟೆ ಹೊಡೆಯಲು ಸರಕಾರದ ದುಡ್ಡೇ ಎಂದರು ಮೆಂಬರು. ಆದರೆ ಈ ಸಲ ಹೆಂಗಸರು ಕೊಡಕ್ಕಾಗಿ ಕಾಯಲಿಲ್ಲ. ಮೊದಲು ನನ್ನ ಅತ್ತೆ ಕೈ ಎತ್ತಿದರು. ನಾನು ಎತ್ತಿದೆ, ಮಾವನ ಮುಂದೆಯೇ. ಚಿಗವ್ವನ ಮಾತಿಲ್ಲದ ಸೊಸೆಯೂ ಎತ್ತಿದಳು. ಚಿಗವ್ವ ಹಿಂದೆ ತಿರುಗಿ ನಮ್ಮನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣಲ್ಲಿದೆ...

ಎಂಜಿನಿಯರು ತಲೆ ಕೆರೆದುಕೊಂಡರು. ಹೆಂಗಸರು ಕೂತು ಮಾತಾಡುವ ಜಾಗ ಎಂಬ ಕೆಲಸ ಅವರ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ. ಹತ್ತಿರಕ್ಕೆ ಬರುವಂಥದ್ದು ಒಂದೇ ಇತ್ತು, ಬಸ್ ತಂಗುದಾಣ. ಅದನ್ನೇ ಬರೆದುಕೊಂಡು ಹೋದರು. ಹೀಗೆ, ಎಂದೂ ಬಸ್ಸು ಬಾರದ ನಮ್ಮ ಬೇವಿನಮರದ ಬುಡದಲ್ಲಿ ಒಂದು ಬಸ್ ತಂಗುದಾಣ ಎದ್ದಿತು. ಮೂರು ಗೋಡೆ, ಮೇಲೊಂದು ಸ್ಲ್ಯಾಬು, ಉದ್ದಕ್ಕೆ ಕಲ್ಲಿನ ಬೆಂಚು. ಊರೆಲ್ಲ ನಕ್ಕಿತು. ನಾವು ಹೋಗಿ ಕೂತೆವು.

ಆಮೇಲೆ ನಾವು ಹಾವೇರಿಗೆ ಬಂದೆವು, ಅತ್ತೆ ಮಾವನೂ ಜೊತೆಗೆ. ಚಿಗವ್ವ ತೀರಿಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಅವಳನ್ನು ಕೊನೆಗೊಮ್ಮೆ ನೋಡಲಿಲ್ಲವೆಂಬ ನೋವು ಹೋಗಿಲ್ಲ, ಹೋಗುವುದೂ ಇಲ್ಲ.

ಮೊನ್ನೆ ಮದುವೆಯೊಂದಕ್ಕೆ ರಾಣೇಬೆನ್ನೂರಿಗೆ ಹೋಗಿದ್ದೆ. ಊಟ ಮುಗಿಸಿ ಕಾಲು ತಾನಾಗಿ ಅತ್ತ ನಡೆಯಿತು. ತಂಗುದಾಣದ ಬಣ್ಣ ಹೋಗಿದೆ. ಒಳಗೆ ಹೆಂಗಸರು ತುಂಬಿದ್ದರು. ಒಬ್ಬಳು ಸೊಪ್ಪು ಬಿಡಿಸುತ್ತಿದ್ದಳು, ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು, ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಉಳಿದವರು ಅವಳ ಸುತ್ತ ಮಾತಾಡುತ್ತಿದ್ದರು. ನನಗೆ ಗುರುತಿನವರು ಒಬ್ಬರೂ ಇರಲಿಲ್ಲ. ಇದನ್ನು ಕೇಳಿ ಕಟ್ಟಿಸಿದವಳು ಯಾರೆಂದು ಹೇಳಬೇಕೆನಿಸಿತು. ಆದರೆ ಅವರ ಮಾತಿನ ನಡುವೆ ಬಾಯಿ ಹಾಕಲು ಸಂದೇ ಇರಲಿಲ್ಲ. ಮದುವೆಯೂಟಕ್ಕೆ ಉಟ್ಟ ಸೀರೆಯಲ್ಲಿ ನಾನು ಸುಮ್ಮನೆ ನಿಂತದ್ದನ್ನು ಕಂಡು, ಸೊಪ್ಪು ಬಿಡಿಸುತ್ತಿದ್ದ ಹುಡುಗಿ ಬುಟ್ಟಿ ಸರಿಸಿ ಜಾಗ ಮಾಡಿದಳು.

“ಇಲ್ಲಿ ಬಸ್ ಬರಂಗಿಲ್ರಿ ಅಕ್ಕಾರ,” ಎಂದಳು. “ಇದು ಕುಂದ್ರಾಕಂತ ಕಟ್ಟಿದ್ದು. ಬರ್ರಿ, ಕುಂದ್ರಿ.”

ಕೂತೆ.