ಮಣಿಕಟ್ಟಿನ ಕಪ್ಪು ಗೆರೆ

ಕರೋನಾ ಮುಗಿದ ಮರುವರ್ಷದ ಮಾತು. ಆಗ ನಾನು ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೈಕಾಲು ನೀವುವ ಕೆಲಸ ಮಾಡುತ್ತಿದ್ದೆ. ನೀವುವುದು ಎಂದರೆ ಉಳುಕಿದ್ದನ್ನು, ನರ ಹಿಡಿದದ್ದನ್ನು ಎಣ್ಣೆ ಹಚ್ಚಿ ತಿಕ್ಕಿ ಸಡಿಲ ಮಾಡುವುದು. ಮುರಿದ ಎಲುಬು ಮುಟ್ಟುವುದಿಲ್ಲ, ಅದಕ್ಕೆ ಆಸ್ಪತ್ರೆ ಇದೆ. ನಾನು ಕಲಿತದ್ದು ಎರಡನೇ ತರಗತಿ. ಆದರೆ ಕೈ ಮುಟ್ಟಿದರೆ ಅದು ಏನು ಕೆಲಸ ಮಾಡುತ್ತದೆ ಎಂದು ಹೇಳಬಲ್ಲೆ. ಕಬ್ಬು ಕಡಿಯುವವರಿಗೆ ಮೊಣಕೈ ಹೋಗುತ್ತದೆ. ಸಂಡೂರಿನ ಅದಿರು ಲಾರಿಯವರಿಗೆ ಸೊಂಟ. ಹಾಗಾಗಿ ನನ್ನದೊಂದು ಕಟ್ಟಳೆ ಇತ್ತು. ಎಣ್ಣೆ ಹಚ್ಚುವ ಮೊದಲು, ನೋವು ತಂದ ಕೆಲಸವನ್ನು ನನ್ನೆದುರು ಮಾಡಿ ತೋರಿಸಬೇಕು.

ಒಂದು ಶನಿವಾರ ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಗಂಡ ಹೆಂಡತಿ ಬಂದರು. ಅವನು ಮಂಜುನಾಥ, ಅವಳು ರೇಣುಕಾ. ಅವಳ ಎಡ ಮಣಿಕಟ್ಟು ಕಿರುಬೆರಳಿನ ಕಡೆ ಊದಿತ್ತು.

“ಏನ್ ಮಾಡ್ಕೊಂಡಿವ್ವ?” ಎಂದು ಅವಳನ್ನು ಕೇಳಿದೆ. ಉತ್ತರ ಕೊಟ್ಟವನು ಅವನು.

“ರೊಟ್ಟಿ ಬಡದು ಬಡದು ಹಿಂಗಾಗೇತ್ರಿ ಅಜ್ಜಿ. ಎಂಟು ದಿನದಾಗ ಸರಿ ಆಗ್ಬೇಕ್ರಿ.”

“ಎಂಟು ದಿನಕ್ಕ ಏನೈತಿ?”

ಮಂಜುನಾಥ ಹೆಂಡತಿಯ ಮುಖ ನೋಡಿದ. ಬಡಿದು ತೋರಿಸು ಎಂದೆ. ರೇಣುಕಾ ಬಲಗೈಯಿಂದ ಗಾಳಿಯಲ್ಲಿ ರೊಟ್ಟಿ ಬಡಿದಳು.

“ಬಡದಿದ್ದು ಬಲಗೈ, ಊದಿದ್ದು ಎಡಗೈ. ಚಲೋ ಐತಲ್ಲ!” ಎಂದೆ.

ಬಳೆ ಸರಿಸಿದೆ. ಎರಡೂ ಕೈಯ ಒಳಬದಿಯಲ್ಲಿ, ಮಣಿಕಟ್ಟಿನ ಹತ್ತಿರ, ಅಡ್ಡಕ್ಕೆ ಒಂದೊಂದು ಕಪ್ಪು ಗೆರೆ. ಚರ್ಮ ಒತ್ತಿ ಒತ್ತಿ ದಪ್ಪವಾಗಿತ್ತು. ಅಂಥ ಗೆರೆಯನ್ನು ಹಿಂದೆ ಒಮ್ಮೆ ನೋಡಿದ್ದೆ, ಗಂಡ ಹಗ್ಗದಿಂದ ಕಟ್ಟಿಹಾಕುತ್ತಿದ್ದ ಹೆಣ್ಣಿನ ಕೈಯಲ್ಲಿ. ಮಂಜುನಾಥನನ್ನು ಚಹಾ ತರಲು ಕಳಿಸಿ ಅವಳನ್ನು ಕೇಳಿದೆ. “ಯಾರೂ ಏನೂ ಮಾಡಿಲ್ರಿ” ಎಂದಳು. ಹೊಡೆಸಿಕೊಂಡವರೂ ಮೊದಲು ಹೇಳುವುದು ಇದನ್ನೇ. ಎಣ್ಣೆ ಹಚ್ಚಿ ಪಟ್ಟಿ ಕಟ್ಟಿ ಕಳಿಸಿದೆ. ಸೋಮವಾರ ಬೆಳಗ್ಗೆ ನಾನೇ ಕಂಪ್ಲಿ ಬಸ್ಸು ಹತ್ತಿದೆ.

ರೇಣುಕಾಳ ಅತ್ತೆ ಮನೆ ಮುಂದಿನ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು. “ಬರ್ರಿ, ಕುಂದ್ರಿ. ಸೊಸಿ ಒಳಗ ಕಂಪ್ಯೂಟರ್ ಕ್ಲಾಸ್ ಕಲಿಯಾಕತ್ಯಾಳ” ಎಂದಳು. ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಮುಂದೆ ಮಂಜುನಾಥ ನಿಂತಿದ್ದ. ನಾನು ಕೂರಲಿಲ್ಲ.

“ಹಗ್ಗ ಎಲ್ಲಿಟ್ಟಿಯಲೇ?”

“ಯಾವ ಹಗ್ಗರೀ?”

“ಹೆಂಡ್ತಿ ಕೈ ಕಟ್ಟಾಕ್ತಿಯಲ್ಲ, ಅದು.”

ಅತ್ತೆಯ ಮೊರ ಜಾರಿ ಅಕ್ಕಿ ಚೆಲ್ಲಿತು. “ನನ್ ಮಗನಾ? ಅವಗ ಎಮ್ಮಿ ಕಟ್ಟಾಕೂ ಬರಂಗಿಲ್ಲ!” ಎಂದು ನನ್ನ ಮೇಲೆ ಬಂದಳು.

ಗದ್ದಲ ಕೇಳಿ ರೇಣುಕಾ ಬಾಗಿಲು ತೆಗೆದಳು. ಒಳಗೆ ಕೂತವರ ಎದೆಯೆತ್ತರಕ್ಕೆ ಗೋಡೆಗೆ ಕೂರಿಸಿದ ಕಡಪಾ ಕಲ್ಲಿನ ಚಪ್ಪಡಿ, ಅದರ ಮೇಲೆ ಕಂಪ್ಯೂಟರ್, ಮುಂದೆ ಗಿಡ್ಡ ಪ್ಲಾಸ್ಟಿಕ್ ಕುರ್ಚಿ. ಕೂತು ತೋರಿಸು ಎಂದೆ. ಕೂತಳು. ಕಲ್ಲಿನ ಚೂಪಾದ ಅಂಚು ಸರಿಯಾಗಿ ಆ ಕಪ್ಪು ಗೆರೆಗಳ ಮೇಲೆ ಬಂತು. ಆಗ ಅವಳ ಕೈ ತಿರುಗಿಸಿದೆ. ಹಿಂಬದಿ ಸ್ವಚ್ಛವಾಗಿತ್ತು. ಹಗ್ಗವಾದರೆ ಗೆರೆ ಸುತ್ತಲೂ ಇರಬೇಕಿತ್ತು. ಇಷ್ಟು ವರ್ಷ ಕೈ ನೀವಿದವಳು ಅದನ್ನು ಶನಿವಾರವೇ ನೋಡಬೇಕಿತ್ತು.

“ಐತವಾರ ಕಂಪ್ಯೂಟರ್ ಗೇಮಿನ ಟೀಮಿಗೆ ಸೆಲೆಕ್ಷನ್ ಐತ್ರಿ” ಎಂದಳು ರೇಣುಕಾ. “ಡಾಕ್ಟ್ರು ಆಟನ ಬಿಡು ಅಂದ್ರು. ನೀವೂ ಹಂಗ ಅಂತೀರಂತ ಸುಳ್ಳು ಹೇಳಿದ್ವಿ.”

“ಆಟಾನಾ? ಕ್ಲಾಸ್ ಅಂದಿದ್ದಿ!” ಎಂದಳು ಅತ್ತೆ.

“ಆಟ ಬಿಡು ಅನ್ನಂಗಿಲ್ಲ. ಈ ಕಲ್ಲು ಬಿಡು” ಎಂದೆ ನಾನು.

ಗಿರಣಿಯಿಂದ ತಗ್ಗಿನ ಮೇಜು ತರಿಸಿದೆ. ಮೊಣಕೈ ಪಕ್ಕೆಗೆ ಇಳಿಬಿಟ್ಟರೆ ಮುಂಗೈ ನೆಲಕ್ಕೆ ಸಮನಾಗಿ ಮೇಜಿನ ಮೇಲೆ ಬರಬೇಕು, ಪಾದ ಪೂರ್ತಿ ನೆಲಕ್ಕೆ ಊರಬೇಕು. ಅದಕ್ಕೆ ತಕ್ಕಂತೆ ಕುರ್ಚಿಯ ಮೇಲೆ ಗೋಣಿಚೀಲ ಮಡಿಸಿ ಹಾಕಿದೆ, ಸೊಂಟದ ಹಿಂದೆ ಒಂದು ಇಟ್ಟೆ. ಕೀಬೋರ್ಡ್ ನೋಡಿದರೆ ಮೊಳದುದ್ದ. ಬಲತುದಿಯಲ್ಲಿ ಅಂಕಿಗಳ ಗುಂಪು ಇದ್ದುದರಿಂದ ಮೌಸಿಗೆ ಜಾಗ ಸಾಲದೆ ಅವಳು ಕೀಬೋರ್ಡನ್ನೇ ಎಡಕ್ಕೆ ತಳ್ಳಿಕೊಂಡಿದ್ದಳು. ಎಡ ಮಣಿಕಟ್ಟು ಸೊಟ್ಟಗಾಗಿದ್ದು ಅಲ್ಲಿಂದ. ಮಂಜುನಾಥ ಹೊಸಪೇಟೆಗೆ ಹೋಗಿ ಎರಡು ಕೀಬೋರ್ಡ್ ತಂದ. ಅವುಗಳಲ್ಲಿ ಬಣ್ಣದ ದೀಪ ಮಿಣುಕುವಂಥದು ಅವನಿಗೆ ಇಷ್ಟವಾಗಿತ್ತು. ದೀಪ ತೋರಿಸಿ ಮಾರುವುದನ್ನು ನಾನು ನಂಬುವುದಿಲ್ಲ. ರೇಣುಕಾಗೆ ಕಣ್ಣು ಮುಚ್ಚಿಸಿ ಎರಡರ ಮೇಲೂ ಕೈ ಇಡಿಸಿದೆ. ಅಂಕಿಗಳ ಗುಂಪಿಲ್ಲದ ಗಿಡ್ಡದರ ಮೇಲೆ ಮಣಿಕಟ್ಟು ನೆಟ್ಟಗೆ ಉಳಿಯಿತು, ಗುಂಡಿಗಳೂ ಮೆತ್ತಗೆ ಇಳಿಯುತ್ತಿದ್ದವು. ಅದನ್ನೇ ಇಟ್ಟು, ಕೀಬೋರ್ಡಿನ ಅಡಿಯ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಸಿದೆ. ಮೂರು ದಿನ ಆಟ ಮುಟ್ಟಬಾರದು, ಆಮೇಲೆ ಅರ್ಧ ಗಂಟೆಗೊಮ್ಮೆ ಏಳಬೇಕು ಎಂದೆ.

ಭಾನುವಾರ ಸಂಜೆ ಅವಳ ಫೋನ್ ಬಂತು. ಮುಖ್ಯ ಐದು ಜನರಲ್ಲಿ ಅವಳ ಹೆಸರಿರಲಿಲ್ಲ. ಯಾರಾದರೂ ಬಿಟ್ಟರೆ ಕರೆಯುತ್ತೇವೆ ಎಂದಿದ್ದರು.

“ಕೈ?” ಎಂದೆ.

“ನೋವಿಲ್ರಿ. ಪೂರಾ ಆಡಿದೆ.”

“ಹಂಗಾದ್ರ ಮುಂದಿನ ಸಲ ಗೆಲ್ಲು.”

ಮಂಜುನಾಥನಲ್ಲಿ ತಪ್ಪಾಯಿತು ಎಂದು ಕೇಳಿಕೊಂಡೆ, ಅವನು ನಕ್ಕ. ಅತ್ತೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ಅದು ಅವಳ ಹಕ್ಕು. ಅನುಮಾನವನ್ನು ನಾನು ಬಿಟ್ಟಿಲ್ಲ. ಹೆಣ್ಣುಮಕ್ಕಳ ಕೈ ಹಿಡಿದು ನೋಡುವ ಕೆಲಸದಲ್ಲಿ ಅದನ್ನು ಬಿಡಲೂಬಾರದು, ನಿಜವಾಗಿ ಕಟ್ಟಿಸಿಕೊಂಡವಳೂ ಸುಳ್ಳನ್ನೇ ಹೇಳುತ್ತಾಳೆ. ಆದರೆ ಒಬ್ಬರ ಮೇಲೆ ಮಾತು ಹೊರಿಸುವ ಮೊದಲು ಕೈಯ ಎರಡೂ ಬದಿ ತಿರುಗಿಸಿ ನೋಡುತ್ತೇನೆ.